ಸಂಜೆ ನಾಲ್ಕೂವರೆಯ ನಂತರ ನಮ್ಮ ಕ್ಲಿನಿಕ್: ಒಂದು ಚರ್ಚೆ

ಕಾಲೇಜು ಅಧ್ಯಾಪಕಿ (ವಿಷಯ ಆರಂಭಿಸಿದವರು)

ನಮ್ಮ ಮನೆಗೆ ಕೆಲಸಕ್ಕೆ ಬರುವ ಮಹಿಳೆಗೆ ರಕ್ತದೊತ್ತಡವೂ ಇದೆ, ಸಕ್ಕರೆ ಕಾಯಿಲೆಯೂ ಇದೆ. ಅವರ ಮನೆಯಿಂದ ಎರಡು ರಸ್ತೆ ದಾಟಿದರೆ ಸರ್ಕಾರದ ‘ನಮ್ಮ ಕ್ಲಿನಿಕ್’ ಸಿಗುತ್ತದೆ. ಅಲ್ಲಿ ತಪಾಸಣೆಗಾಗಲೀ ಮಾತ್ರೆಗಾಗಲೀ ಹಣ ಕೊಡಬೇಕಾಗಿಲ್ಲ. ಹೀಗಿದ್ದೂ ಅವರು ಮಾತ್ರೆಯನ್ನು ಮುಖ್ಯರಸ್ತೆಯ ಮೆಡಿಕಲ್ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಕೈಯಲ್ಲಿರುವ ಹಣಕ್ಕೆ ಎಷ್ಟು ಬರುತ್ತದೋ ಅಷ್ಟು ಮಾತ್ರೆ ಕೇಳುತ್ತಾರೆ, ಅಂಗಡಿಯವರು ಶೀಟನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಮೊನ್ನೆ ಅವರು ಪರ್ಸಿನಿಂದ ತೆಗೆದು ತೋರಿಸಿದ ತುಂಡಿನ ಮೇಲೆ ಔಷಧದ ಹೆಸರಿನ ಬಾಲ ಮಾತ್ರ ಉಳಿದಿತ್ತು. ಎಷ್ಟು ಮಿಲಿಗ್ರಾಂ, ಯಾವ ತಿಂಗಳವರೆಗೆ ಬಳಸಬಹುದು ಎಂಬ ವಿವರಗಳು ಅಂಗಡಿಯಲ್ಲೇ ಉಳಿದ ಇನ್ನರ್ಧದ ಮೇಲೆ ಇರಬೇಕು.

ಕ್ಲಿನಿಕ್ಕಿಗೆ ಏಕೆ ಹೋಗುವುದಿಲ್ಲ ಎಂದು ಕೇಳಿದರೆ ಅವರ ಉತ್ತರ ಸರಳವಾಗಿದೆ. ಬೆಳಿಗ್ಗೆ ಮನೆ ಬಿಟ್ಟವರು ನಾಲ್ಕು ಮನೆಗಳ ಕೆಲಸ ಮುಗಿಸಿ ಹಿಂತಿರುಗುವಷ್ಟರಲ್ಲಿ ಐದು ಗಂಟೆ ದಾಟಿರುತ್ತದೆ. ಕ್ಲಿನಿಕ್ಕಿನ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ.

2022ರ ಡಿಸೆಂಬರ್‌ನಲ್ಲಿ ಈ ಯೋಜನೆ ಆರಂಭವಾದಾಗ ರಾಜ್ಯಕ್ಕೆ 438 ಕ್ಲಿನಿಕ್‌ಗಳೆಂದೂ, ಬೆಂಗಳೂರಿನಲ್ಲಿ ವಾರ್ಡಿಗೊಂದರಂತೆ 243 ಎಂದೂ ಯೋಜಿಸಲಾಗಿತ್ತು. ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಬ್ಬ ಗ್ರೂಪ್ ಡಿ ನೌಕರ ಇರುವ ಈ ಪುಟ್ಟ ಘಟಕವನ್ನು ನಾನು ಮನಸಾರೆ ಸ್ವಾಗತಿಸಿದವಳು. ದುಡಿಯುವವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ ಅದು ತೆರೆದಿರುವುದಾದರೆ, ಅದು ಯಾರಿಗಾಗಿ ಇದೆ? ವೇಳೆಯನ್ನು ಬದಲಿಸಲು ಇರುವ ಅಡ್ಡಿಯಾದರೂ ಏನು? ಒಳಗಿನ ವ್ಯವಸ್ಥೆ ಬಲ್ಲವರು ದಯವಿಟ್ಟು ಬರೆಯಿರಿ.

ಗುತ್ತಿಗೆ ವೈದ್ಯಾಧಿಕಾರಿ

ಮೇಡಂ, ನಾನು ಇಂಥದ್ದೇ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಆದರೆ ಅದಕ್ಕೆ ಇನ್ನೊಂದು ಮಗ್ಗುಲು ಇದೆ. ನಾವು ನಾಲ್ವರೇ ಇರುವುದು, ಪಾಳಿ ಒಂದೇ ಇರುವುದು. ಸಂಜೆ ತೆರೆಯಿರಿ ಎಂಬ ಆದೇಶ ಬಂದರೆ ಅದೇ ನಾಲ್ವರು ಬೆಳಗಿನ ಹೊತ್ತನ್ನು ಸಂಜೆಗೆ ವರ್ಗಾಯಿಸಬೇಕಾಗುತ್ತದೆ, ಇಲ್ಲವೇ ಅದೇ ಸಂಬಳಕ್ಕೆ ಎರಡೂ ಹೊತ್ತು ನಿಲ್ಲಬೇಕಾಗುತ್ತದೆ. ಬೆಳಿಗ್ಗೆ ಬರುವವರು ಕಡಿಮೆಯೇನಲ್ಲ: ಬಸುರಿಯರು, ಲಸಿಕೆಗೆ ಬರುವ ಮಕ್ಕಳು, ಮನೆಯಲ್ಲೇ ಇರುವ ವಯಸ್ಸಾದವರು. ಅವರಿಂದ ಕಿತ್ತು ಇವರಿಗೆ ಕೊಡುವುದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ನೇಮಕ ವರ್ಷವರ್ಷವೂ ನವೀಕರಣವಾಗುವ ಗುತ್ತಿಗೆ. ನನ್ನಂಥ ಬಹುತೇಕ ಎಂ.ಬಿ.ಬಿ.ಎಸ್. ವೈದ್ಯರು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಲೇ ಈ ಕೆಲಸ ಮಾಡುತ್ತಾರೆ. ಸೀಟು ಸಿಕ್ಕ ದಿನವೇ ಹೊರಟುಹೋಗುತ್ತಾರೆ, ಅದನ್ನು ತಪ್ಪೆಂದು ನಾನು ಹೇಳಲಾರೆ. ಆ ನಂತರ ಬರುವ ವೈದ್ಯರಿಗೆ ನಿಮ್ಮ ಮನೆಕೆಲಸದವರ ಮುಖವೂ ಗೊತ್ತಿರುವುದಿಲ್ಲ, ಹಿಂದಿನ ಮಾತ್ರೆಯೂ ಗೊತ್ತಿರುವುದಿಲ್ಲ. ರಕ್ತದೊತ್ತಡದ ಚಿಕಿತ್ಸೆ ಒಂದು ದಿನದ ಕೆಲಸವಲ್ಲ. ಒಂದೇ ಡೋಸ್ ಸಾಲದೆ ಎರಡನೇ ಔಷಧ ಸೇರಿಸಬೇಕೇ, ಕಾಲು ಊದಿಕೊಂಡದ್ದು ರಕ್ತದೊತ್ತಡದ ಮಾತ್ರೆಯಾದ ಆಮ್ಲೊಡಿಪಿನ್‌ನಿಂದಲೇ ಎಂಬುದನ್ನೆಲ್ಲ ನಿರ್ಧರಿಸಲು ಅದೇ ರೋಗಿಯನ್ನು ಅದೇ ಕಣ್ಣು ಮತ್ತೆ ಮತ್ತೆ ನೋಡಬೇಕು.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟಕಿ

ಡಾಕ್ಟರೇ, ಬೆಳಿಗ್ಗೆ ಬರುವವರನ್ನು ಕೈಬಿಡಿ ಎಂದು ನಾವೂ ಹೇಳುತ್ತಿಲ್ಲ. ಆದರೆ ಈಗ ಕೈಬಿಟ್ಟಿರುವುದು ಯಾರನ್ನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಕಡೆ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳ ಪಾಳಿ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶುರುವಾಗುತ್ತದೆ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುತ್ತಾರೆ. ಕ್ಲಿನಿಕ್ಕಿನ ಬಾಗಿಲು ತೆರೆಯುವುದೂ ಒಂಬತ್ತಕ್ಕೇ. ರಕ್ತ ಕೊಡಬೇಕೆಂದರೆ ಅರ್ಧ ದಿನದ ಕೂಲಿ ಬಿಡಬೇಕು, ಜೊತೆಗೆ ಸೂಪರ್‌ವೈಸರ್ ಬಾಯಿಗೆ ಬೀಳಬೇಕು. ತಿಂಡಿ ತಿಂದ ಎರಡು ಗಂಟೆಯ ಮೇಲೆ ಮತ್ತೊಮ್ಮೆ ರಕ್ತ ಕೊಡಿ ಎಂದರಂತೂ ಇಡೀ ದಿನವೇ ಹೋದಂತೆ. ಹೀಗಾಗಿ ರೋಗ ಇದೆಯೆಂದು ಗೊತ್ತಾದ ಮೇಲೂ ಅದು ಹತೋಟಿಯಲ್ಲಿದೆಯೇ ಎಂದು ನೋಡಿಸಿಕೊಳ್ಳದೆ ವರ್ಷಗಳು ಕಳೆಯುತ್ತವೆ. ನಮ್ಮಲ್ಲಿ ಕಾಲಿನ ಗಾಯ ಮಾಯದೆ ಬೆರಳು ಕತ್ತರಿಸಿಕೊಂಡವರು ಇದ್ದಾರೆ. ಅವರಾರೂ ಅಲಕ್ಷ್ಯ ಮಾಡುವ ಸ್ವಭಾವದವರಲ್ಲ, ಒಂದು ದಿನವೂ ತಡವಾಗದಂತೆ ಕಾರ್ಖಾನೆಗೆ ಹೋದವರು.

ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಇದೆಯಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರ ಕೂಲಿಯಿಂದ ಶೇ. 0.75 ಕಡಿತವಾಗುತ್ತದೆ, ಮಾಲೀಕರು ಶೇ. 3.25 ತುಂಬುತ್ತಾರೆ. ದೊಡ್ಡ ಕಾಯಿಲೆ ಬಂದರೆ ಅದು ನಿಜಕ್ಕೂ ಆಸರೆ. ಆದರೆ ಕಾಯಿಲೆ ರಜೆಯ ಭತ್ಯೆ ಮೊದಲ ಎರಡು ದಿನಗಳಿಗೆ ಸಿಗುವುದಿಲ್ಲ. ಮಾತ್ರೆ ತರಲು ಹೋದ ಅರ್ಧ ದಿನಕ್ಕೆ ಅದು ಪರಿಹಾರವಾಗುವುದಿಲ್ಲ. ಅಧ್ಯಾಪಕಿಯವರು ಹೇಳಿದ ಮನೆಕೆಲಸದ ಹೆಂಗಸರಿಗಂತೂ ಇ.ಎಸ್.ಐ. ಕಾರ್ಡೇ ಇಲ್ಲ.

ಬಡಾವಣೆಯ ಖಾಸಗಿ ವೈದ್ಯ

ಇಲ್ಲಿ ಯಾರೂ ಪ್ರಸ್ತಾಪಿಸದ ಒಂದು ಸಂಗತಿಯನ್ನು ವಿನಯದಿಂದ ಮುಂದಿಡುತ್ತೇನೆ. ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ಈ ನಗರದ ಬಡ ಮತ್ತು ಕೆಳಮಧ್ಯಮ ವರ್ಗದವರನ್ನು ನೋಡುತ್ತಿರುವವರು ನನ್ನಂಥ ಸಣ್ಣ ಕ್ಲಿನಿಕ್ಕಿನ ವೈದ್ಯರೇ. ನನ್ನ ರೋಗಿಗಳಲ್ಲಿ ಮೂರು ತಲೆಮಾರಿನವರಿದ್ದಾರೆ. ಕೆಲವರ ಬಳಿ ನಾನು ಫೀಸು ಕೇಳುವುದೂ ಇಲ್ಲ. ವೈದ್ಯಾಧಿಕಾರಿಗಳು ಹೇಳಿದ ‘ಅದೇ ಕಣ್ಣು’ ಇಲ್ಲಿ ಈಗಾಗಲೇ ಇದೆ. ಸರ್ಕಾರ ಎರಡನೇ ಪಾಳಿಗೆ ಹೊಸ ಹುದ್ದೆ, ಹೊಸ ಕಟ್ಟಡ ಎಂದು ಹೊರಡುವ ಬದಲು, ಔಷಧವನ್ನು ತಾನೇ ಪೂರೈಸಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರ ಪಾಲನೆಗೆ ನಮಗೆ ವರ್ಷಕ್ಕೆ ತಲೆಗಿಷ್ಟು ಎಂದು ಕೊಟ್ಟರೆ ಏನು ತೊಂದರೆ? ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಂದಿನಿಂದಲೂ ಅಲ್ಲಿನ ಕುಟುಂಬ ವೈದ್ಯರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರಾಗದೆ, ಒಪ್ಪಂದದ ಮೇಲೆ ಸೇವೆ ಕೊಡುವ ಸ್ವತಂತ್ರ ವೈದ್ಯರಾಗಿಯೇ ಉಳಿದಿದ್ದಾರೆ.

ಸಾರ್ವಜನಿಕ ಆರೋಗ್ಯ ಸಂಶೋಧಕ

ವೈದ್ಯರೇ, ನಿಮ್ಮ ಸಲಹೆಯನ್ನು ತಳ್ಳಿಹಾಕುವುದಿಲ್ಲ. ಆದರೆ ಬ್ರಿಟನ್ನಿನ ಉದಾಹರಣೆಯ ಅರ್ಧವನ್ನಷ್ಟೇ ನೀವು ಹೇಳಿದ್ದೀರಿ. ಅಲ್ಲಿ ಪ್ರತಿಯೊಬ್ಬ ನಿವಾಸಿಯೂ ಒಂದು ವೈದ್ಯಾಲಯದ ಪಟ್ಟಿಯಲ್ಲಿ ನೋಂದಾಯಿತನಾಗಿರುತ್ತಾನೆ. ವೈದ್ಯರಿಗೆ ಬರುವ ಹಣದ ದೊಡ್ಡ ಪಾಲು ಆ ಪಟ್ಟಿಯಲ್ಲಿರುವ ಜನರ ಸಂಖ್ಯೆಯನ್ನು ಅವಲಂಬಿಸಿರುತ್ತದೆಯೇ ಹೊರತು ಎಷ್ಟು ಬಾರಿ ಬಂದರು, ಎಷ್ಟು ಇಂಜೆಕ್ಷನ್ ಹಾಕಿದರು ಎಂಬುದನ್ನಲ್ಲ. ನಮ್ಮಲ್ಲಿ ಪಟ್ಟಿಯೇ ಇಲ್ಲ. ಯಾವ ರೋಗಿಗೆ ಯಾವ ವೈದ್ಯರು ಹೊಣೆ ಎಂಬುದು ನಿಗದಿಯಾಗದೆ ಹಣ ಮಾತ್ರ ಹರಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಸ್ಪತ್ರೆ ವಿಮೆಯಲ್ಲಿ ನೋಡಿದ್ದೇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಡುತ್ತದೆ. ಹೃದಯಾಘಾತವಾದವರಿಗೆ ಅದು ಜೀವ ಉಳಿಸುವ ಯೋಜನೆ. ಆದರೆ ಆ ಹೃದಯಾಘಾತವನ್ನು ತಪ್ಪಿಸಬಹುದಾಗಿದ್ದ ದಿನನಿತ್ಯದ ಮಾತ್ರೆಯ ಖರ್ಚು ಅದರ ವ್ಯಾಪ್ತಿಗೆ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ನಮ್ಮ ದೇಶದಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 18.8 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇದೆ, ಅವರಲ್ಲಿ ಅದು ಪತ್ತೆಯಾಗಿರುವುದು ಶೇ. 37ರಷ್ಟು ಮಂದಿಯಲ್ಲಿ ಮಾತ್ರ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರೇ ಕೈಯಿಂದ ಭರಿಸುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರ ಹೊತ್ತಿಗೆ ಶೇ. 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ಹೇಳುತ್ತವೆ. ಇಳಿಕೆ ಸಂತೋಷದ ವಿಷಯ. ಉಳಿದಿರುವ ಆ ಪಾಲಿನಲ್ಲಿ ಅಧ್ಯಾಪಕಿಯವರು ವರ್ಣಿಸಿದ ಕತ್ತರಿಸಿದ ಶೀಟಿನಂಥ ಸಣ್ಣ ಖರ್ಚುಗಳೂ ಸೇರಿವೆ.

ವೇಳೆಯ ವಿಷಯಕ್ಕೆ ಬಂದರೆ, ಸಂಜೆಯ ಹೊರರೋಗಿ ಸೇವೆ ಹೊಸ ಬೇಡಿಕೆಯೇನಲ್ಲ. 2013ರಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ರೂಪುಗೊಂಡಾಗಲೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ರೋಗಿಗಳನ್ನು ನೋಡಬೇಕೆಂಬ ಕಲ್ಪನೆ ಅದರ ಚೌಕಟ್ಟಿನಲ್ಲಿತ್ತು. ಕೂಲಿ ಮಾಡುವವರು ಹಗಲಿನಲ್ಲಿ ಬರಲಾರರು ಎಂಬುದು ಯೋಜನೆ ಬರೆದವರಿಗೆ ಗೊತ್ತಿತ್ತು. ಕೇರಳ 2017ರಲ್ಲಿ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಬದಲಾಯಿಸಿದಾಗ ಹೊರರೋಗಿ ವೇಳೆಯನ್ನು ಸಂಜೆ 6ರವರೆಗೆ ವಿಸ್ತರಿಸಿತು, ಅದಕ್ಕೆ ತಕ್ಕಂತೆ ವೈದ್ಯರ ಮತ್ತು ನರ್ಸ್‌ಗಳ ಹುದ್ದೆಗಳನ್ನೂ ಹೆಚ್ಚಿಸಿತು. ಈ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ನಕಲು ಮಾಡಿದರೆ ಏನಾಗುತ್ತದೆ ಎಂಬುದನ್ನು ವೈದ್ಯಾಧಿಕಾರಿಗಳು ಆಗಲೇ ಹೇಳಿದ್ದಾರೆ.

ನಿವೃತ್ತ ಶುಶ್ರೂಷಾಧಿಕಾರಿ

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಆಯುಷ್ಯ ಸವೆಸಿದವಳು. ಎಲ್ಲರೂ ವೈದ್ಯರ ಪಾಳಿಯ ಬಗ್ಗೆ ಮಾತನಾಡುತ್ತಿದ್ದೀರಿ. ಪ್ರತಿ ಬಾರಿಯೂ ವೈದ್ಯರೇ ಬೇಕೆ ಎಂದು ಯಾರೂ ಕೇಳುತ್ತಿಲ್ಲ.

ರಕ್ತದೊತ್ತಡ 140/90ಕ್ಕಿಂತ ಕೆಳಗಿದೆ, ಹೊಸ ತೊಂದರೆ ಏನೂ ಇಲ್ಲ, ಮಾತ್ರೆ ಮುಗಿದಿದೆ ಎನ್ನುವ ರೋಗಿಗೆ ಬೇಕಾದದ್ದು ಸರಿಯಾಗಿ ಬಿ.ಪಿ. ನೋಡುವ ಕೈ, ಎರಡು ಒಳ್ಳೆಯ ಮಾತು ಮತ್ತು ಮುಂದಿನ ತಿಂಗಳ ಮಾತ್ರೆ. ಇದನ್ನು ತರಬೇತಾದ ನರ್ಸ್ ಮಾಡಬಲ್ಲರು. ಸರಿಯಾಗಿ ನೋಡುವುದು ಎಂದು ಬೇಕೆಂದೇ ಬರೆದೆ. ಓಡಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಕಾಲು ನೆಲಕ್ಕೆ ಊರಿರಬೇಕು, ತೋಳು ಎದೆಯ ಮಟ್ಟದಲ್ಲಿ ಆನಿಸಿರಬೇಕು, ಬಿ.ಪಿ. ಯಂತ್ರದ ಪಟ್ಟಿಯನ್ನು ಸೀರೆಯ ರವಿಕೆಯ ಮೇಲೆ ಸುತ್ತಬಾರದು, ಆ ಹೊತ್ತಿನಲ್ಲಿ ಮಾತನಾಡಿಸಬಾರದು. ನೂಕುನುಗ್ಗಲಿನ ಒ.ಪಿ.ಡಿ.ಯಲ್ಲಿ ಇದ್ಯಾವುದೂ ಆಗುವುದಿಲ್ಲ, ಬರೆದುಕೊಂಡ ಅಂಕಿಯನ್ನು ನಂಬಿ ಮಾತ್ರೆ ಮಾತ್ರ ಹೆಚ್ಚಾಗುತ್ತದೆ.

ಇನ್ನೊಂದು ಮಾತು. ಹತ್ತು ದಿನದ ಮಾತ್ರೆ ಕೊಟ್ಟು ಮತ್ತೆ ಬಾ ಎನ್ನುವುದನ್ನು ಮೊದಲು ನಿಲ್ಲಿಸಬೇಕು. ಜೀವನಪೂರ್ತಿ ನುಂಗಬೇಕಾದ ಮಾತ್ರೆಗಾಗಿ ತಿಂಗಳಿಗೆ ಮೂರು ಸಲ ಸಾಲಿನಲ್ಲಿ ನಿಲ್ಲಿಸುವುದು ರೋಗಿಗೂ ಶಿಕ್ಷೆ, ಸಿಬ್ಬಂದಿಗೂ ಶಿಕ್ಷೆ. ಮೂವತ್ತು ದಿನದ್ದು ಕೊಡಿ, ಆಗ ಡಾಕ್ಟರ ಮುಂದಿನ ಸಾಲು ತಾನಾಗಿಯೇ ಕರಗುತ್ತದೆ.

ಗುತ್ತಿಗೆ ವೈದ್ಯಾಧಿಕಾರಿ

ಸಿಸ್ಟರ್, ಮೂವತ್ತು ದಿನದ ಮಾತ್ರೆಯ ವಿಷಯದಲ್ಲಿ ನನ್ನದು ಪೂರ್ಣ ಒಪ್ಪಿಗೆ. ದಾಸ್ತಾನು ಕಡಿಮೆ ಬಂದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚೋಣ ಎಂಬ ಒಳ್ಳೆಯ ಮನಸ್ಸಿನಿಂದಲೇ ಈ ಹತ್ತು ದಿನದ ರೂಢಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಇಂಡೆಂಟ್ (ಔಷಧದ ಬೇಡಿಕೆ) ಹಾಕುವಾಗಲೇ ನೋಂದಾಯಿತ ರೋಗಿಗಳ ಸಂಖ್ಯೆಗೆ ತಕ್ಕಂತೆ ಲೆಕ್ಕ ಹಾಕಬೇಕು.

ನರ್ಸ್ ಮಾತ್ರೆ ಮುಂದುವರಿಸುವುದಕ್ಕೂ ನನ್ನ ವಿರೋಧವಿಲ್ಲ, ಆದರೆ ಷರತ್ತುಗಳಿವೆ. ಮೊದಲ ಬಾರಿ ರೋಗ ನಿರ್ಣಯ ಮಾಡುವುದು, ಔಷಧ ಬದಲಿಸುವುದು, ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಸ್ಥಿತಿ ನೋಡುವುದು ವೈದ್ಯರ ಹೊಣೆಯಾಗಿಯೇ ಉಳಿಯಬೇಕು. ಯಾವ ಅಂಕಿ ಬಂದರೆ, ಯಾವ ಲಕ್ಷಣ ಕಂಡರೆ ಅದೇ ದಿನ ವೈದ್ಯರ ಬಳಿ ಕಳಿಸಬೇಕು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ನಾಳೆ ಏನಾದರೂ ಅನಾಹುತವಾದರೆ ನರ್ಸ್ ಒಬ್ಬರನ್ನೇ ಹೊಣೆ ಮಾಡುವಂತಾಗಬಾರದು. ಬಾಯಿಮಾತಿನ ಅಪ್ಪಣೆ ಸಾಲದು, ಲಿಖಿತ ಆದೇಶ ಬೇಕು.

ಸಾರ್ವಜನಿಕ ಆರೋಗ್ಯ ಸಂಶೋಧಕ

ನೀವಿಬ್ಬರೂ ಹೇಳಿದ್ದು ಭಾರತದಲ್ಲೇ ನಡೆದು ನೋಡಿದ ದಾರಿ. ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿ ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ಕನಿಷ್ಠ 30 ದಿನದ ಮಾತ್ರೆ, ಮನೆಯ ಹತ್ತಿರದ ಕೇಂದ್ರದಲ್ಲೇ ಮಾತ್ರೆ ಮರುಪೂರೈಕೆ, ಬಾರದವರನ್ನು ಹುಡುಕಿ ಕರೆತರುವುದು ಎಂಬ ಸೂತ್ರಗಳನ್ನೇ ಇಟ್ಟುಕೊಂಡಿದ್ದರು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಮನೆಬಾಗಿಲಿಗೇ ಮಾತ್ರೆ ಮುಟ್ಟಿಸುವ ಯೋಜನೆ ಆರಂಭಿಸಿತು. ನಮ್ಮ ರಾಜ್ಯವೂ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಶುರುಮಾಡಿತು. ಬೆಂಗಳೂರಿನಂಥ ಊರಿಗೆ ಮನೆಬಾಗಿಲ ಸೇವೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಬಾಗಿಲು ತಟ್ಟುವವರೇ ಹೇಳಬೇಕು.

ಆಶಾ ಕಾರ್ಯಕರ್ತೆ

ನಾನು ಆ ಬಾಗಿಲು ತಟ್ಟುವವಳು, ಆದ್ದರಿಂದ ಬರೆಯುತ್ತಿದ್ದೇನೆ. ಹಗಲಿನಲ್ಲಿ ಹೋದರೆ ನಮ್ಮ ಕಾಲೊನಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಒಬ್ಬರೂ ಸಿಗಲಿಲ್ಲವೆಂದರೆ ಸಂಜೆ ಏಳರ ಮೇಲೆ ಮತ್ತೆ ಹೋಗುತ್ತೇವೆ, ಅದಕ್ಕೆ ಯಾವ ಲೆಕ್ಕವೂ ಇಲ್ಲ. ಮೂರು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಿಸುವವರು ಬಹಳ. ಬಿಹಾರ, ಒಡಿಶಾ, ಅಸ್ಸಾಂನಿಂದ ಬಂದ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋದರೆ ನನ್ನ ಕನ್ನಡ ಅವರಿಗೆ ಬಾರದು, ಅವರ ಮಾತು ನನಗೆ ಬಾರದು. ಅಲ್ಲಿನ ಯಾವುದಾದರೂ ಶಾಲೆಗೆ ಹೋಗುವ ಮಗುವನ್ನು ಕರೆದು ಕೇಳಿಸುತ್ತೇನೆ. ಹೆಂಗಸಿನ ಮುಟ್ಟಿನ ತೊಂದರೆಯನ್ನು ಹತ್ತು ವರ್ಷದ ಹುಡುಗನ ಬಾಯಲ್ಲಿ ಕೇಳಿಸಬೇಕಾದಾಗ ನನಗೆ ತುಂಬ ಸಂಕಟವಾಗುತ್ತದೆ. ಒಂದು ವಾರ್ಡಿಗೆ ಒಬ್ಬರಾದರೂ ಆ ಭಾಷೆ ಬಲ್ಲ ಹೆಣ್ಣುಮಗಳನ್ನು, ಅವರೊಳಗಿನವರನ್ನೇ, ನೇಮಿಸಿಕೊಂಡರೆ ಎಷ್ಟೋ ಕೆಲಸ ಹಗುರವಾಗುತ್ತದೆ.

ಫೋನಿನಲ್ಲಿ ಆರೋಗ್ಯ ಸಂಖ್ಯೆ ಮಾಡಿಸಿ ಎನ್ನುತ್ತಾರೆ. ಅಜ್ಜಿಯ ಆಧಾರ್‌ಗೆ ಜೋಡಿಸಿದ ನಂಬರು ಮಗನದು, ಮಗ ಕೆಲಸದಲ್ಲಿರುತ್ತಾನೆ, ಓ.ಟಿ.ಪಿ. ಅವನ ಫೋನಿಗೆ ಹೋಗುತ್ತದೆ. ಅವನು ಕರೆ ತೆಗೆಯುವವರೆಗೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ.

ನಮ್ಮ ಸಂಬಳದ ವಿಷಯವನ್ನೂ ಹೇಳಬೇಕು, ಅದನ್ನು ಬಿಟ್ಟು ಸೇವೆಯ ಮಾತಷ್ಟೇ ಆಡಿದರೆ ಪೂರ್ತಿಯಾಗುವುದಿಲ್ಲ. 2022ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು, ನಮಗೆಲ್ಲ ಹೆಮ್ಮೆಯಾಯಿತು. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿಹಗಲು ಕೂತು 15,000 ರೂಪಾಯಿ ಕೇಳಿದ ಮೇಲೆ, ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆಂಬ ಭರವಸೆ ಸಿಕ್ಕಿತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಏರದಿದ್ದರೆ ಅದರ ಪ್ರೋತ್ಸಾಹಧನ ಬರುವುದಿಲ್ಲ. ಈಗ ಬಿ.ಪಿ., ಶುಗರ್ ಮಾತ್ರೆಯ ಹೊಣೆಯನ್ನೂ ನಮ್ಮ ಮೇಲೆ ಹಾಕುವುದಾದರೆ ಸಂತೋಷದಿಂದ ಮಾಡುತ್ತೇವೆ, ಆದರೆ ಅದಕ್ಕೆ ಹಣ ಎಷ್ಟು ಎಂಬುದನ್ನು ಮೊದಲೇ ಬರೆದುಕೊಡಲಿ.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟಕಿ

ಅಕ್ಕ, ನೀವು ಹೇಳಿದ ಹುಡುಗನ ಬಾಯಲ್ಲಿ ಕೇಳಿಸುವ ಮಾತು ಓದಿ ನನಗೂ ಸಂಕಟವಾಯಿತು. ನಮ್ಮ ಕಾರ್ಖಾನೆಗಳಿಗೂ ಈಗ ಉತ್ತರದ ರಾಜ್ಯಗಳಿಂದ ಹುಡುಗಿಯರು ಬರುತ್ತಿದ್ದಾರೆ, ಹಾಸ್ಟೆಲ್‌ಗಳಲ್ಲಿರುತ್ತಾರೆ. ಅವರಲ್ಲೇ ಒಬ್ಬರನ್ನು ತಯಾರು ಮಾಡುವುದು ಕಷ್ಟವಲ್ಲ. ಭಾಷೆಯ ಕೊರತೆಯನ್ನು ರೋಗಿಯ ತಪ್ಪೆಂದು ತಿಳಿದು ಗದರುವುದು ಎಷ್ಟೋ ಕಡೆ ನಡೆಯುತ್ತದೆ. ಒಮ್ಮೆ ಗದರಿಸಿಕೊಂಡವರು ಎರಡನೇ ಸಲ ಬರುವುದಿಲ್ಲ.

ಬಡಾವಣೆಯ ಖಾಸಗಿ ವೈದ್ಯ

ಪಟ್ಟಿ ಇಲ್ಲದೆ ಹಣ ಹರಿಯಬಾರದೆಂಬ ಸಂಶೋಧಕರ ಮಾತನ್ನು ಒಪ್ಪುತ್ತೇನೆ. ಹಾಗಾದರೆ ಪಟ್ಟಿಯನ್ನೇ ಮಾಡೋಣ. ನನ್ನ ಪ್ರಶ್ನೆ ಬೇರೆ ಕಡೆ ಇದೆ. ನಾನು ಒಬ್ಬ ರೋಗಿಯನ್ನು ಹೃದಯದ ತೊಂದರೆಯೆಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಳಿಸಿದರೆ ಅವರು ಮರಳಿ ಬರುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಸ್ಟೆಂಟ್ ಹಾಕಿದ್ದಾರೆಯೇ, ರಕ್ತ ತೆಳುವಾಗಿಸುವ ಮಾತ್ರೆ ಎಷ್ಟು ಕಾಲ ಎಂಬುದನ್ನು ಊಹಿಸಬೇಕು. ಸರ್ಕಾರದ ‘ನಮ್ಮ ಕ್ಲಿನಿಕ್’ಗಾದರೂ ಆ ಮಾಹಿತಿ ಹಿಂತಿರುಗುತ್ತದೆಯೇ?

ಗುತ್ತಿಗೆ ವೈದ್ಯಾಧಿಕಾರಿ

ಇಲ್ಲ. ಡಿಸ್ಚಾರ್ಜ್ ಸಾರಾಂಶವನ್ನು ರೋಗಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅನೇಕರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತರುತ್ತಾರೆ. ಆ ಕವರಿನಲ್ಲಿ ಬೇರೆ ಬೇರೆ ಆಸ್ಪತ್ರೆಯ ಚೀಟಿ, ಸ್ಕ್ಯಾನಿಂಗ್ ಫಿಲಂ, ಮೆಡಿಕಲ್ ಬಿಲ್ ಎಲ್ಲವೂ ಒಟ್ಟಿಗೆ ಇರುತ್ತವೆ, ಹೊರಗೆ ಹತ್ತಾರು ಮಂದಿ ಕಾಯುತ್ತಿರುತ್ತಾರೆ. ವಿಕ್ಟೋರಿಯಾ, ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ನಂಥ ಹೆಸರಾಂತ ಸಂಸ್ಥೆಗಳಿರುವ ಊರು ನಮ್ಮದು. ಅವುಗಳಿಂದ ವಾರ್ಡಿನ ಕ್ಲಿನಿಕ್ಕಿಗೆ ಒಂದು ಸಾಲಿನ ಉತ್ತರ ತಪ್ಪದೆ ಬರುವ ವ್ಯವಸ್ಥೆಯಾದರೆ, ಬರೀ ಮಾತ್ರೆ ಬರೆಸಲು ಕೆ.ಆರ್. ಮಾರುಕಟ್ಟೆಯವರೆಗೆ ಬಸ್ ಹತ್ತುವವರು ಎಷ್ಟೋ ಕಡಿಮೆಯಾಗುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಉಚಿತವಾಗಿ ದೊಡ್ಡಾಸ್ಪತ್ರೆಗೆ ಹೋಗುವ ಖರ್ಚು ತಗ್ಗಿದೆ, ಅದು ಒಳ್ಳೆಯದೇ. ಹೋಗುವ ಅಗತ್ಯವೇ ಇಲ್ಲದವರೂ ಹೋಗಬೇಕಾಗಿ ಬಂದಿರುವುದು ನಮ್ಮ ಕಡೆಯ ಕೊರತೆ.

ನಿವೃತ್ತ ಶುಶ್ರೂಷಾಧಿಕಾರಿ

ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ನೋಡಿಲ್ಲವೇ? ಅಕ್ಷರ ಬಾರದ ಹೆಂಗಸು ಕೂಡ ಅದನ್ನು ಟ್ರಂಕಿನಲ್ಲಿಟ್ಟು ಕಾಪಾಡುತ್ತಾಳೆ, ಹೆರಿಗೆಗೆ ತವರಿಗೆ ಹೋದರೆ ಅಲ್ಲಿಗೂ ಒಯ್ಯುತ್ತಾಳೆ. ಯಾವ ಊರಿನ ನರ್ಸ್ ತೆರೆದರೂ ಎಷ್ಟು ತಿಂಗಳು, ರಕ್ತ ಎಷ್ಟಿದೆ, ಯಾವ ಚುಚ್ಚುಮದ್ದು ಆಗಿದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಬಿ.ಪಿ., ಸಕ್ಕರೆಯವರಿಗೂ ಹಾಗೆಯೇ ಒಂದು ಗಟ್ಟಿ ರಟ್ಟಿನ ಪುಸ್ತಕ ಕೊಡಿ. ವೈದ್ಯರು ಬದಲಾದರೂ, ಬಾಡಿಗೆ ಮನೆ ಬದಲಾದರೂ ಪುಸ್ತಕ ಜೊತೆಗಿರುತ್ತದೆ. ಕಂಪ್ಯೂಟರ್ ದಾಖಲೆ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಪೂರ್ತಿಯಾಗಿ ನಡೆಯುವವರೆಗೆ ರೋಗಿ ಕಾಯಲಾರ.

ಕಾಲೇಜು ಅಧ್ಯಾಪಕಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಾತ್ರೆ, ಪುಸ್ತಕ, ನರ್ಸ್ ಇವುಗಳ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯ ಕಾಣುತ್ತಿಲ್ಲ. ಸಂಜೆಯ ವೇಳೆಯನ್ನು ಮೊದಲು ಕೇಳುವುದೇ, ಕಾಯಂ ಹುದ್ದೆಗಳನ್ನು ಮೊದಲು ಕೇಳುವುದೇ ಎಂಬಲ್ಲಿ ನಾವು ಒಂದಾಗಿಲ್ಲ. ಕೇಳುವುದು ಯಾರನ್ನು ಎಂಬುದೂ ಸುಲಭದ ಪ್ರಶ್ನೆಯಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿ.ಬಿ.ಎಂ.ಪಿ. ಸದಸ್ಯರ ಅವಧಿ ಮುಗಿದ ಮೇಲೆ ನಗರ ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ಹಂಚಿಹೋಯಿತು. ದೊಡ್ಡಾಸ್ಪತ್ರೆಗಳು ವೈದ್ಯಕೀಯ ಶಿಕ್ಷಣ ಇಲಾಖೆಗೆ, ಹೆರಿಗೆ ಆಸ್ಪತ್ರೆಗಳು ಪಾಲಿಕೆಗೆ, ಇನ್ನು ಕೆಲವು ಆರೋಗ್ಯ ಇಲಾಖೆಗೆ ಸೇರಿವೆ. ನಮ್ಮ ವಾರ್ಡಿನಿಂದ ಒಂದು ಮನವಿ ಬರೆಯಬೇಕೆಂದಿದ್ದೇನೆ. ‘ವಾರದಲ್ಲಿ ಎರಡು ದಿನವಾದರೂ ರಾತ್ರಿ 8ರವರೆಗೆ ಕ್ಲಿನಿಕ್ ತೆರೆದಿರಬೇಕು’ ಎಂಬುದನ್ನು ಮೊದಲ ಸಾಲಾಗಿ ಇಡಬಹುದೇ?

ಗುತ್ತಿಗೆ ವೈದ್ಯಾಧಿಕಾರಿ

ಅದೇ ವಾಕ್ಯದಲ್ಲಿ ‘ಅದಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸಿ’ ಎಂದು ಸೇರಿಸಿದರೆ ನಾನೂ ಸಹಿ ಹಾಕುತ್ತೇನೆ. ಮುಂದಿನ ಸಾಲಿಗೆ ಬಿಟ್ಟರೆ ಮೊದಲ ಸಾಲಷ್ಟೇ ಮಂಜೂರಾಗುತ್ತದೆ ಎಂಬ ಭಯ ನನಗಿದೆ. ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿದವರ ಒಂದು ವರ್ಷದ ಕಡ್ಡಾಯ ಸೇವೆಯಿಂದ ಈ ಪಾಳಿ ತುಂಬಿಸೋಣ ಎಂಬ ಮಾತು ಖಂಡಿತ ಬರುತ್ತದೆ. 2012ರ ಆ ಕಾನೂನಿನ ಉದ್ದೇಶ ಮುಖ್ಯವಾಗಿ ಹಳ್ಳಿಗಳಿಗೆ ವೈದ್ಯರನ್ನು ಒದಗಿಸುವುದಾಗಿತ್ತು. ಅಲ್ಲಿಂದ ಕಿತ್ತು ಬೆಂಗಳೂರಿಗೆ ತುಂಬುವುದನ್ನು ನಾವು ಕೇಳಬಾರದು.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟಕಿ

ನಾನು ಇದನ್ನು ಪೂರ್ತಿ ಒಪ್ಪಲಾರೆ. ಹುದ್ದೆ ಮಂಜೂರಾತಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಷ್ಟರವರೆಗೆ ನಮ್ಮ ಹೆಣ್ಣುಮಕ್ಕಳು ರಕ್ತ ಪರೀಕ್ಷೆ ಮಾಡಿಸದೆ ಇರಬೇಕೇ? ಕಾರ್ಖಾನೆಗಳು ದಟ್ಟವಾಗಿರುವ ಕಡೆ ಒಂದೊಂದು ಕ್ಲಿನಿಕ್ಕನ್ನಾದರೂ ಈಗಲೇ ಮಧ್ಯಾಹ್ನದಿಂದ ರಾತ್ರಿಯ ಪಾಳಿಗೆ ಬದಲಿಸಿ ನೋಡಲಿ. ಆ ಕ್ಲಿನಿಕ್ಕಿಗೆ ಬೆಳಿಗ್ಗೆ ಬರುವ ಬಸುರಿಯರಿಗೆ ಪಕ್ಕದ ವಾರ್ಡಿನ ಕ್ಲಿನಿಕ್ ಇರುತ್ತದೆ. ಜೊತೆಗೆ ಎಲ್ಲ ಕಡೆಯೂ ಲ್ಯಾಬ್ ಮಾತ್ರ ಬೆಳಿಗ್ಗೆ 7ಕ್ಕೆ ತೆರೆಯಲಿ. ರಕ್ತ ತೆಗೆಯಲು ಡಾಕ್ಟರೇ ಬೇಕಾಗಿಲ್ಲ.

ಸಾರ್ವಜನಿಕ ಆರೋಗ್ಯ ಸಂಶೋಧಕ

ಲ್ಯಾಬ್ ಬೇಗ ತೆರೆಯುವ ಸಲಹೆ ನನಗೆ ತುಂಬ ಹಿಡಿಸಿತು. ಲ್ಯಾಬ್ ಟೆಕ್ನೀಷಿಯನ್ ಎರಡು ಗಂಟೆ ಮೊದಲು ಬಂದು ಎರಡು ಗಂಟೆ ಮೊದಲು ಹೋದರಾಯಿತು, ಅದಕ್ಕೆ ಹೊಸ ಹುದ್ದೆಯ ಅಗತ್ಯವಿಲ್ಲ. ರೋಗ ಇದೆಯೆಂದು ಈಗಾಗಲೇ ಗೊತ್ತಿರುವವರಿಗೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಊಟವಾದ ಮೇಲೂ ಮಾಡಬಹುದು. ಅದನ್ನು ಎಲ್ಲ ಕ್ಲಿನಿಕ್‌ಗಳಲ್ಲೂ ಕೊಡಬೇಕೆಂದು ಮನವಿಯಲ್ಲಿ ಸೇರಿಸಿ. ಆಗ ಖಾಲಿ ಹೊಟ್ಟೆಯ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ.

ನಿವೃತ್ತ ಶುಶ್ರೂಷಾಧಿಕಾರಿ

ಸಂಜೆಯ ಪಾಳಿ ಕೇಳುವಾಗ ಒಳಗೆ ಇರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಎಂಬುದನ್ನು ಮರೆಯಬೇಡಿ. ರಾತ್ರಿ ಎಂಟಕ್ಕೆ ಬಾಗಿಲು ಹಾಕಿ ಹೊರಬರುವ ನರ್ಸ್‌ಗೆ ಬೀದಿದೀಪ, ಒಬ್ಬ ಕಾವಲುಗಾರ ಮತ್ತು ಹತ್ತಿರದಲ್ಲೇ ಬಸ್ ಬೇಕು. ಸಿಬ್ಬಂದಿಗೆ ಶೌಚಾಲಯವೂ ಬೇಕು. ಕಿರಿದಾದ ಬಾಡಿಗೆ ಕಟ್ಟಡದಲ್ಲಿ ನಡೆಯುವ ಕಡೆ ಇದೊಂದು ದೊಡ್ಡ ಕಷ್ಟ. ಇದನ್ನು ಬರೆಯದ ಮನವಿಗೆ ನಾನು ಸಹಿ ಹಾಕುವುದಿಲ್ಲ.

ಕಾಲೇಜು ಅಧ್ಯಾಪಕಿ

ಸರಿ. ಲ್ಯಾಬ್ ಬೆಳಿಗ್ಗೆ 7ಕ್ಕೆ, ಮೂವತ್ತು ದಿನದ ಮಾತ್ರೆ, ರೋಗಿಯ ಕೈಯಲ್ಲಿ ಪುಸ್ತಕ, ಲಿಖಿತ ಆದೇಶದ ಮೇಲೆ ನರ್ಸ್ ಮಾತ್ರೆ ಮುಂದುವರಿಸುವುದು: ಈ ನಾಲ್ಕನ್ನು ಈಗಲೇ ಜಾರಿಗೆ ತರಬಹುದಾದವೆಂದು ಮೊದಲು ಬರೆಯುತ್ತೇನೆ. ಸಂಜೆಯ ಪಾಳಿಯನ್ನು ಸಿಬ್ಬಂದಿ ಮತ್ತು ಭದ್ರತೆಯ ಷರತ್ತಿನೊಂದಿಗೆ ಒಂದೇ ವಾಕ್ಯದಲ್ಲಿ ಇಡುತ್ತೇನೆ. ಕಾರ್ಖಾನೆಗಳ ಬಳಿ ತಕ್ಷಣ ಪ್ರಯೋಗ ಮಾಡಬೇಕೆಂಬ ಸಂಘಟಕಿಯವರ ಅಭಿಪ್ರಾಯವನ್ನು ಬೇರೆಯಾಗಿಯೇ, ಅದಕ್ಕೆ ವೈದ್ಯಾಧಿಕಾರಿಗಳ ಆಕ್ಷೇಪದೊಂದಿಗೆ ದಾಖಲಿಸುತ್ತೇನೆ. ಕರಡನ್ನು ಭಾನುವಾರ ಇಲ್ಲೇ ಹಾಕುತ್ತೇನೆ.

ಆಶಾ ಕಾರ್ಯಕರ್ತೆ

ಕರಡು ಹಾಕಿದ ಮೇಲೆ ನಮ್ಮ ಮಹಿಳಾ ಆರೋಗ್ಯ ಸಮಿತಿಯ ಸಭೆಯಲ್ಲಿ ಓದಿಸುತ್ತೇನೆ ಮೇಡಂ. ಸಭೆ ಹಗಲಿನಲ್ಲಿ ಬೇಡ, ಕೆಲಸಕ್ಕೆ ಹೋಗುವವರೂ ಬರುವಂತೆ ರಾತ್ರಿ ಎಂಟಕ್ಕೆ ಇಟ್ಟುಕೊಳ್ಳುತ್ತೇವೆ. ಭಾಷೆ ಬಲ್ಲ ಹೆಣ್ಣುಮಗಳನ್ನು ನೇಮಿಸುವ ವಿಷಯ ಪಟ್ಟಿಯಲ್ಲಿ ಬಿಟ್ಟುಹೋಗಿದೆ, ದಯವಿಟ್ಟು ಅದನ್ನೂ ಸೇರಿಸಿ.